ಮಿಷನ್ ಬಂದ್ ಮಾಡಿಸಲು ಬಂದ ಸೊಸೆ

ನಿವೃತ್ತನಾದ ಮೇಲೆ ಮನುಷ್ಯ ನೆಮ್ಮದಿಯಾಗಿ ಕೂರುತ್ತಾನೆ ಎಂದು ಹೇಳಿದವರು ಯಾರೋ, ಅವರು ನನ್ನನ್ನು ನೋಡಿಲ್ಲ. ಕೊಪ್ಪಳದ ನಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿದು ಪೇಪರ್ ಹಿಡಿದರೆ ಅರ್ಧ ಸುದ್ದಿ ಓದುವಷ್ಟರಲ್ಲಿ ಎದ್ದು ಬಾಗಿಲಿಗೆ ಹೋಗಿರುತ್ತೇನೆ. ಎಲ್ಲೋ ಒಂದು ಯಂತ್ರ ಕೂಗುತ್ತಿರುತ್ತದೆ. ಅದು ಹಿಟ್ಟಿನ ಗಿರಣಿಯೋ, ಟೈಲ್ಸ್ ಕೊಯ್ಯುವುದೋ, ಕಟ್ಟಿಗೆ ಕೊಯ್ಯುವುದೋ ಎಂದು ಗುರುತು ಹತ್ತುವ ತನಕ ನನಗೆ ಚಡಪಡಿಕೆ. "ನಿಮಗ ಯಾರೂ ದೂರು ಕೊಟ್ಟಿಲ್ಲ, ಒಳಗ ಬಂದು ಕುಂದರ್ರಿ" ಎಂದು ಹೆಂಡತಿ ಬೈಯುತ್ತಾಳೆ. ಬಂದು ಕೂರುತ್ತೇನೆ. ಮತ್ತೆ ಏಳುತ್ತೇನೆ.

ನಾನು ಪುರಸಭೆ, ನಗರಸಭೆಗಳಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದವನು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿ ಎಂದು ನಾಲ್ಕು ಊರಿನ ಗಟಾರಗಳನ್ನೂ ಬಲ್ಲೆ. ಕಸ, ಸೊಳ್ಳೆ, ಅಂಗಡಿಗಳ ಪರವಾನಗಿ, ಸತ್ತ ಹಂದಿ ಎಲ್ಲವೂ ನಮ್ಮ ತಲೆಗೇ. ಅದರ ಜೊತೆಗೆ ಗದ್ದಲದ ದೂರು. ಕಚೇರಿಯಲ್ಲಿ ಯಾರೂ ಮುಟ್ಟಲು ಒಲ್ಲದ ಕೆಲಸ ಅದು. ನಾನು ಸಣ್ಣ ಸಪ್ಪಳಕ್ಕೂ ಉರಿದು ಬೀಳುವ ಮನುಷ್ಯ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಅದನ್ನು ನನ್ನ ಕೊರಳಿಗೇ ಕಟ್ಟುತ್ತಿದ್ದರು.

ಮೊನ್ನೆ ನಮ್ಮ ಹಿಂದಿನ ಓಣಿಯ ಶಿಲ್ಪಾಳಿಗೆ ಇದೇ ಹುದ್ದೆ ಸಿಕ್ಕಿತು. ಪೇಡೆ ಕೊಡಲು ಬಂದವಳು, "ಕಾಕಾ, ಕೆಲಸ ಹೆಂಗಿರತೈತ್ರಿ?" ಎಂದು ಕೇಳಿದಳು. ಆಗ ಏನೋ ಎರಡು ಮಾತು ಹೇಳಿ ಕಳಿಸಿದೆ. ಆಮೇಲೆ ಸಮಾಧಾನವಾಗಲಿಲ್ಲ. ಕಾನೂನಿನ ಪುಸ್ತಕವನ್ನು ಅವಳು ನನಗಿಂತ ಚೆನ್ನಾಗಿ ಓದಿದ್ದಾಳೆ. ಅದರಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಅದನ್ನು ಬಿಡೋಣ. ಬಡಿಗರ ಮನೆಗಳ ಬಗ್ಗೆ ಹೇಳುತ್ತೇನೆ.

ನಮ್ಮ ಕಡೆ ಬಡಿಗತನ ಮಾಡುವವರಿಗೆ ಊರ ಹೊರಗೆ ಶೆಡ್ಡು ಇರುವುದು ಕಡಿಮೆ. ಮನೆಯ ಪಡಸಾಲೆಯೇ ಕೆಲಸದ ಜಾಗ. ಹಿಂದೆ ಅಡುಗೆ ಕೋಣೆ, ನಡುವೆ ಮಲಗುವ ಜಾಗ, ಮುಂದೆ ಹಲಗೆ ಕೊಯ್ಯುವ ಮಿಷನ್, ಹಲಗೆ ನುಣುಪು ಮಾಡುವ ರಂದಾ ಮಿಷನ್. ಪಕ್ಕದ ಮನೆಗೂ ಇವರಿಗೂ ಒಂದೇ ಗೋಡೆ. ಕೈಯಲ್ಲಿ ಗರಗಸ, ಉಳಿ ಹಿಡಿಯುತ್ತಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಮೋಟಾರು ಬಂದ ಮೇಲೆ ಓಣಿಯ ಹಣೆಬರಹ ಬದಲಾಯಿತು. ರಂದಾ ಮಿಷನ್ನಿಗೆ ಒಣ ಸಾಗವಾನಿ ಹಲಗೆ ಕೊಟ್ಟಾಗ ಬರುವ ಕೂಗನ್ನು ಕೇಳಿದವರೇ ಬಲ್ಲರು. ಹಲ್ಲಿನ ಬೇರಿಗೆ ಹೋಗಿ ಮುಟ್ಟುತ್ತದೆ.

ನನ್ನ ಮೊದಲ ದೂರು ಯಲಬುರ್ಗಾದ್ದು. ಹೊಸ ಹುರುಪು, ಇಸ್ತ್ರಿ ಮಾಡಿದ ಅಂಗಿ. ದೂರು ಕೊಟ್ಟ ಮುದುಕರ ಮನೆಯಲ್ಲಿ ಕೂತು ಗದ್ದಲ ಕೇಳಲು ಹೋದೆ. ನಾನು ಹೋಗಿ ಕೂತದ್ದೇ ತಡ ಕರೆಂಟು ಹೋಯಿತು. ಓಣಿಯೆಲ್ಲ ತಣ್ಣಗಾಯಿತು. ಚಹಾ ಬಂತು, ಚೂಡಾ ಬಂತು, ಮಧ್ಯಾಹ್ನ ರೊಟ್ಟಿ ಊಟವೂ ಆಯಿತು. ಗುಬ್ಬಿಯ ಸಪ್ಪಳ ಬಿಟ್ಟರೆ ಬೇರೇನಿಲ್ಲ. "ಗದ್ದಲ ಕಂಡುಬಂದಿಲ್ಲ" ಎಂದು ವರದಿ ಬರೆದು ಹೊರಟೆ. ಓಣಿಯ ತಿರುವು ದಾಟುತ್ತಿದ್ದಂತೆ ಕರೆಂಟು ಬಂತು, ಹಿಂದಿನಿಂದ ಮಿಷನ್ ಕೂಗು. ತಿರುಗಿ ನೋಡಿದರೆ ಮುದುಕರು ಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಮುಗಿಯುತ್ತಿದ್ದಾರೆ. ನನಗೋ ನಗು, ನಾಚಿಕೆ ಎರಡೂ. ವರದಿ ಹರಿದು ಹಾಕಿದೆ. ಆಗಿನ ನನ್ನ ಮೇಲಧಿಕಾರಿ ಮಾತ್ರ ಇದನ್ನು ಕೇಳಿ, "ಹರೀಬಾರದಿತ್ತು, ಛಲೋ ವರದಿ ಅದು. ಒಂದು ದೂರು ಮುಗೀತಿತ್ತು" ಎಂದರು. ಅಂಥವರೂ ಸಿಗುತ್ತಾರೆ ಶಿಲ್ಪಾ, ತಯಾರಾಗಿರು.

ಕುಷ್ಟಗಿಯಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ. ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಅಣ್ಣ ಬಡಿಗತನ ಮಾಡುತ್ತಿದ್ದ, ತಮ್ಮ ಕಿರಾಣಿ ಅಂಗಡಿ ಇಟ್ಟಿದ್ದ. ಗೋಡೆಗೆ ಮತ್ತೊಂದು ಗೋಡೆ ಸೇರಿಸಿ ಕಟ್ಟಿದರೂ ಗದ್ದಲ ಬರುತ್ತದೆ ಎಂಬುದು ತಮ್ಮನ ದೂರು. ನಾನು ಅವನ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕೇಳಿದೆ. ಅಂಥ ಗದ್ದಲವೇನೂ ಇಲ್ಲ. "ನೆಲಕ್ಕ ಕುಂದರ್ರಿ ಸಾಹೇಬ್ರ, ನಮ್ಮಂಗ ಕುಂದರ್ರಿ" ಎಂದು ತಮ್ಮನ ಹೆಂಡತಿ ಚಾಪೆ ಹಾಸಿದರು. ಕೂತೆ ನೋಡಿ, ಬೆನ್ನುಹುರಿಯಲ್ಲಿ ಜುಮ್ಮೆಂದಿತು. ಕಿವಿಗೆ ಕೇಳಿಸದಿದ್ದದ್ದು ಮೈಗೆ ಬರುತ್ತಿತ್ತು. ಚಾಪೆ ಎತ್ತಿ ನೋಡಿದರೆ ನೆಲಕ್ಕೆ ಅಜ್ಜನ ಕಾಲದ ಉದ್ದುದ್ದ ಹಾಸುಗಲ್ಲು. ಗೋಡೆಯನ್ನು ಆ ಕಲ್ಲುಗಳ ಮೇಲೆಯೇ ಎಬ್ಬಿಸಿದ್ದರು. ಅರ್ಧ ಕಲ್ಲು ಅಣ್ಣನ ಕಡೆ, ಅರ್ಧ ತಮ್ಮನ ಕಡೆ. ಅಲ್ಲಿ ಮಿಷನ್ ಅದುರಿದರೆ ಇಲ್ಲಿ ಊಟದ ತಾಟು ಅದುರುತ್ತಿತ್ತು.

ಹಳೆಯ ಲಾರಿ ಟೈರು ಕೊಯ್ದು ಮಿಷನ್ನಿನ ಕಾಲಿನ ಕೆಳಗೆ ದಪ್ಪಗೆ ಕೊಡಿಸಿದೆ. ಅದುರುವುದು ಬಹಳ ಮಟ್ಟಿಗೆ ನಿಂತಿತು. ವಾರ ಕಳೆದು ತಮ್ಮ ಮತ್ತೆ ಕಚೇರಿಗೆ ಬಂದ. "ಗದ್ದಲ ಹೋತ್ರಿ. ಆದ್ರ ಅಂವ ಗದ್ದಲ ಮಾಡಬೇಕಂತನ ಅದಾನ" ಎಂದ. ಇದಕ್ಕೆ ಯಾವ ಟೈರು ಕೊಡುವುದು? ಕೈಮುಗಿದು ಕಳಿಸಿದೆ.

ಗಂಗಾವತಿಗೆ ಬಂದಾಗ ನಾನು ಇಂಥ ದೂರುಗಳಲ್ಲಿ ಪಳಗಿದ್ದೇನೆ ಎಂದುಕೊಂಡಿದ್ದೆ. ಅಕ್ಕಿ ಗಿರಣಿಗಳ ಊರು, ಭತ್ತದ ಹೊಟ್ಟಿಗೆ ಬರವಿಲ್ಲ. ಒಬ್ಬ ಬಡಿಗನಿಗೆ, ಗೋಡೆಯ ಉದ್ದಕ್ಕೂ ಹೊಟ್ಟಿನ ಚೀಲ ಒಟ್ಟು, ಗದ್ದಲ ಅದರಲ್ಲೇ ಇಂಗುತ್ತದೆ ಎಂದು ಸಲಹೆ ಕೊಟ್ಟೆ. ಗದ್ದಲ ಇಂಗಿತು, ನಿಜ. ತಿಂಗಳೊಳಗೆ ಚೀಲಗಳಲ್ಲಿ ಇಲಿ ಸಂಸಾರ ಹೂಡಿದವು, ಇಲಿಯ ಹಿಂದೆ ಹಾವು ಬಂತು. ಇಡೀ ಓಣಿಯೇ ಕಚೇರಿಗೆ ಬಂದಿತು. ನನ್ನ ಜೊತೆ ಸದಾ ಇರುತ್ತಿದ್ದ ಜವಾನ ಖಾಜಾಸಾಬ್, "ಸಾಹೇಬ್ರ, ಗದ್ದಲ ಏನ ಕಚ್ಚತಿರಲಿಲ್ರಿ" ಎಂದಷ್ಟೇ ಹೇಳಿದ.

ಆಮೇಲೆ ಬಂದ ಅಧಿಕಾರಿಯೊಬ್ಬರು ಮೊಬೈಲಿನಲ್ಲೇ ಗದ್ದಲ ಅಳೆಯಿರಿ ಎಂದರು. ಫೋನು ಹಿಡಿದರೆ ಅಂಕಿ ಕಾಣುತ್ತದೆ. ಅಂಕಿ ಬಂದ ಮೇಲೆ ಜನ ಗದ್ದಲದ ಬಗ್ಗೆ ಜಗಳಾಡುವುದು ಬಿಟ್ಟು ಅಂಕಿಯ ಬಗ್ಗೆ ಜಗಳಾಡತೊಡಗಿದರು. ನಾಯಿ ಬೊಗಳಿದರೆ ಅಂಕಿ ಮೇಲೆ, ಬಡಿಗ ಊಟಕ್ಕೆ ಎದ್ದರೆ ಕೆಳಗೆ. ಅಳತೆ ಬೇಡವೆನ್ನುವುದಿಲ್ಲ, ಶಿಲ್ಪಾ. ಸರಿಯಾದ ಮೀಟರು ಕೊಡಿಸಿಕೊಂಡೇ ಅಳೆ. ಆದರೆ ನಾನು ಈಗ ಹೇಳಲಿರುವ ಮನೆಯಲ್ಲಿ ಯಾವ ಮೀಟರೂ ಏನೂ ಹೇಳುತ್ತಿರಲಿಲ್ಲ.

ಒಂದು ದಿನ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಬಗಲಲ್ಲಿ ಗಂಡು ಕೂಸು, ಒಂದೂವರೆ ವರ್ಷದ್ದಿರಬಹುದು. ನಮ್ಮ ಮೇಜಿನ ಮೇಲಿದ್ದ ಮುದ್ರೆಯ ಮೇಲೆ ಅದರ ಕಣ್ಣು.

"ಸಾಹೇಬ್ರ, ಕಾಳಪ್ಪ ಬಡಿಗೇರ ಅವರ ಮನ್ಯಾಗ ಮಿಷನ್ ಗದ್ದಲ ಭಾಳ ಆಗೈತ್ರಿ. ಬಂದ್ ಮಾಡ್ಸ್ರಿ."

"ನೀವು ಬಾಜೂ ಮನಿಯವ್ರೇನವಾ?"

"ಅಲ್ರಿ. ಅವರ ಸೊಸಿ."

ಖಾಜಾಸಾಬ್ ನಕ್ಕುಬಿಟ್ಟ. ನನಗೆ ರೇಗಿತು. ಇಷ್ಟು ದಿನ ನೆರೆಹೊರೆಯವರ ಜಗಳ, ಈಗ ಅತ್ತೆ ಸೊಸೆಯರದೂ ಶುರುವಾಯಿತೇ ಎಂದುಕೊಂಡೆ. "ಮನಿ ಮಾತು ಮನ್ಯಾಗ ಮುಗಿಸ್ಕೋರಿ, ಇಲ್ಲಿಗೆ ತರಬ್ಯಾಡ್ರಿ" ಎಂದೆ. ಅವಳು ಹೋಗಲಿಲ್ಲ. ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಅಲ್ಲೇ ನಿಂತಳು.

"ಒಂದ್ ದಿನ ಬಂದ್ ಮಾಡ್ಸ್ರಿ, ಸಾಕು, ನಿಮ್ಮ ಮುಂದನ ಕರದು ತೋರಸ್ತೀನಿ. ಈ ನನ್ನ ಮಗಗ ಕಿವಿ ಕೇಳಂಗಿಲ್ಲ ಅಂತ ನನಗ ಅನಸ್ತೈತಿ. ಮನ್ಯಾಗ ಯಾರೂ ನಂಬವಲ್ರು."

ಅವಳ ಹೆಸರು ಸುಜಾತಾ. ತವರು ಹಿಟ್ನಾಳ. ಖಾಜಾಸಾಬ್ ನೀರು ತಂದುಕೊಟ್ಟ ಮೇಲೆ ಬಿಡಿಸಿ ಹೇಳಿದಳು. ಸಿದ್ದಾಪುರದ ಕಡೆಯವರು ಹೊಸ ಮನೆಗಳಿಗೆ ದೊಡ್ಡ ದೊಡ್ಡ ಬಾಗಿಲು ಮಾಡಿಸುತ್ತಾರಂತೆ, ಬೆಳಗಿನಿಂದ ಕತ್ತಲಾಗುವ ತನಕ ಮಿಷನ್ ನಿಲ್ಲುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಮಾತೇ ಇಲ್ಲ, ಎಲ್ಲವೂ ಕೈಸನ್ನೆ. ಅಂಗೈ ಮೇಲೆ ಎರಡು ಬೆರಳಿಟ್ಟರೆ ಚಹಾ, ಗದ್ದಕ್ಕೆ ಮುಷ್ಟಿ ಒತ್ತಿದರೆ ಊಟ, ಬೆರಳು ಗಾಳಿಯಲ್ಲಿ ಗರಗರ ತಿರುಗಿಸಿದರೆ ಮಿಷನ್ ಚಾಲೂ ಮಾಡು ಎಂದು. ಮಗ ಸಮರ್ಥ ಈ ಸನ್ನೆಗಳನ್ನೆಲ್ಲ ಕಲಿತಿದ್ದ. ಹಸಿವಾದರೆ ಮುಷ್ಟಿಯನ್ನು ಗದ್ದಕ್ಕೆ ಒತ್ತುತ್ತಿದ್ದ. ಏನು ಚುರುಕು ಕೂಸು ಎಂದು ಎಲ್ಲರಿಗೂ ಹಿಗ್ಗು. ಮಿಷನ್ ಕೂಗುತ್ತಿದ್ದರೂ ಗಡದ್ದಾಗಿ ನಿದ್ದೆ ಮಾಡುತ್ತಾನೆ, ಬಡಿಗರ ರಕ್ತ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ.

"ಕರೆಂಟ್ ಹೋದಾಗ ಹಿಂದಿಂದ ಕರದು ನೋಡೀನ್ರಿ. ತಿರಗಂಗಿಲ್ಲ. ಆಟದಾಗ ಲಕ್ಷ್ಯ ಐತಿ ಅಂತಾರ ಮಾವಾರು. ನಿನ್ನ ಗಂಡನೂ ತಡಾ ಮಾಡಿನ ಮಾತಾಡ್ಯಾನ ಅಂತಾರ. ದವಾಖಾನಿ ಅಂದ್ರ ಸಿಟ್ಟಿಗೇಳ್ತಾರ. ಮತ್ತ ಮಿಷನ್ ಚಾಲೂ ಮಾಡಿ ತೋರಸ್ತಾರ್ರಿ. ಅದಕ್ಕ ಮಾತ್ರ ಇಂವ ತಿರುಗಿ ನಗ್ತಾನ."

"ಹಂಗಾರ ಕೇಳ್ತೈತಲ್ಲವಾ?"

"ಗೊತ್ತಿಲ್ರಿ. ನಾ ಅವ್ವ ಅದೀನಿ. ನನ್ನ ದನಿ ಕೇಳದಂಥಾ ಕಿವಿಗೆ ಮಿಷನ್ ಹೆಂಗ ಕೇಳ್ತೈತ್ರಿ?"

ಕಣ್ಣೀರು ಹಾಕಿದ್ದರೆ ನಾನು ಏನಾದರೂ ಸಮಾಧಾನ ಹೇಳಿ ಕಳಿಸಿಬಿಡುತ್ತಿದ್ದೆನೇನೋ. ಅವಳು ಅಳಲಿಲ್ಲ. ಸಿಟ್ಟಿನಲ್ಲಿದ್ದಳು. ಅಂದು ಮಧ್ಯಾಹ್ನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗಟಾರದ ಫೈಲು ತೆಗೆದರೆ ಆ ಕೂಸಿನ ಮುಖ. ಮರುದಿನವೇ ಖಾಜಾಸಾಬನನ್ನು ಕರೆದುಕೊಂಡು ಹೊರಟೆ.

ಕಾಳಪ್ಪ ಗಟ್ಟಿಮುಟ್ಟಾದ ಮುದುಕ, ಮೈಮೇಲೆಲ್ಲ ಕಟ್ಟಿಗೆಯ ಪುಡಿ. ಎದುರಿಗೆ ನಿಂತವರ ಜೊತೆಗೂ ಹೊಲದಾಚೆಯವರನ್ನು ಕರೆದ ಹಾಗೆ ಮಾತಾಡುತ್ತಿದ್ದ. ಮಗ ಈರಣ್ಣ ಸಾಧು ಮನುಷ್ಯ, ಅಪ್ಪ ನೋಡಿದ ಕಡೆ ತಾನೂ ನೋಡುವವನು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಸೊಸೆ ಕಚೇರಿಗೆ ಬಂದ ವಿಷಯ ಕಾಳಪ್ಪನಿಗೆ ಆಗಲೇ ತಿಳಿದಿತ್ತು. ಬೈಯುತ್ತಾನೆ ಎಂದುಕೊಂಡಿದ್ದೆ, ಅವನು ನಕ್ಕ.

"ಹಡದವ್ವ, ಹೆದರ್ಯಾಳ್ರಿ. ನೀವ ನೋಡ್ರಿ ಸಾಹೇಬ್ರ."

ಕೂಸನ್ನು ನೆಲಕ್ಕೆ ಕೂರಿಸಿದರು. ಮಿಷನ್ನಿಗೆ ಬೆನ್ನು, ಕೈಯಲ್ಲಿ ಒಂದು ಕಟ್ಟಿಗೆಯ ತುಂಡು. ಈರಣ್ಣ ಗುಂಡಿ ಒತ್ತಿದ. ರಂದಾ ಮಿಷನ್ ಗೊರ್ರೆಂದು ಎದ್ದಿತು. ಸಮರ್ಥ ಥಟ್ಟನೆ ತಿರುಗಿದ, ನಕ್ಕ, ಬೆರಳು ಗಾಳಿಯಲ್ಲಿ ಗರಗರ ತಿರುಗಿಸಿದ. ಬಾಗಿಲಲ್ಲಿ ನೆರೆದಿದ್ದ ಓಣಿಯ ಹೆಂಗಸರೆಲ್ಲ ನಕ್ಕರು.

"ಕಿವಿ ಅಂದ್ರ ಹಿಂಗಿರಬೇಕ್ರಿ!" ಎಂದ ಕಾಳಪ್ಪ.

ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಸತ್ಯ ಹೇಳಬೇಕೆಂದರೆ ನನಗೂ ಸಮಾಧಾನವಾಗಿತ್ತು. ಚಪ್ಪಲಿ ಮೆಟ್ಟಲು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಆಗ ಬರಿಗಾಲಿಗೆ ಜುಮ್ಮೆಂದಿತು. ಕೆಳಗೆ ನೋಡಿದರೆ ಹಾಸುಗಲ್ಲಿನ ನೆಲ. ಕುಷ್ಟಗಿಯ ಆ ತಮ್ಮನ ಮನೆಯ ಚಾಪೆ ನೆನಪಾಯಿತು. ಕೂಸು ತಿರುಗಿದ್ದು ಕಿವಿಗೆ ಕೇಳಿಯೋ, ನೆಲ ಅದುರಿದ್ದಕ್ಕೋ?

"ಹೊರಸು ಐತೇನ್ರಿ ಮನ್ಯಾಗ? ಒಂದೆರಡು ಕೌದಿ ಮಡಚಿ ಹಾಕ್ರಿ ಅದರ ಮ್ಯಾಲೆ" ಎಂದೆ.

ಹಗ್ಗ ಹೆಣೆದ ಮಂಚ, ಅದೇ ಹೊರಸು, ತಂದರು, ಹಳೆ ಬಟ್ಟೆ ಹೊಲಿದ ದಪ್ಪ ಕೌದಿ ಹಾಸಿದರು. ಕೂಸನ್ನು ಅದರ ಮೇಲೆ ಗೋಡೆ ಕಡೆ ಮುಖ ಮಾಡಿ ಕೂರಿಸಿದೆವು. ಯಾರೂ ಹೊರಸು ಮುಟ್ಟಬೇಡಿ ಎಂದೆ. ಈರಣ್ಣ ಗುಂಡಿ ಒತ್ತಿದ. ಬಾಗಿಲಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಸಮರ್ಥ ಕಟ್ಟಿಗೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ಕೂತಿದ್ದ. ಆರಿಸಿ ಮತ್ತೆ ಹಚ್ಚಲು ಹೇಳಿದೆ. ಹಲಗೆ ಕೊಟ್ಟು ನೋಡಿದರು. ಮಿಷನ್ ಅರಚಿತು. ಕೂಸು ತಿರುಗಲಿಲ್ಲ. ನೆಲಕ್ಕೆ ಇಳಿಸಿದರೆ ಮಾತ್ರ ಥಟ್ಟನೆ ತಿರುಗುತ್ತಿತ್ತು, ಮತ್ತೆ ಹೊರಸಿನ ಮೇಲೆ ಕೂರಿಸಿದರೆ ಇಲ್ಲ.

ಈರಣ್ಣ ಮಿಷನ್ ಆರಿಸಿದ. ಗುಂಡಿಯ ಮೇಲಿನ ಕೈಯನ್ನು ತೆಗೆಯದೆ ಹಾಗೇ ನಿಂತಿದ್ದ. ಕಾಳಪ್ಪ ಹೊರಸಿನ ಹಿಂದೆ ಹೋಗಿ ಬಗ್ಗಿ, "ಸಮ್ಯಾ" ಎಂದ. "ಏ ಸಮ್ಯಾ, ಅಜ್ಜಾ ಬಂದೀನಿ ನೋಡೋ" ಎಂದ. ಆಮೇಲೆ ನನ್ನ ಕಡೆ ತಿರುಗಿದ. ಮುಖ ಕೆಂಪಾಗಿತ್ತು.

"ಗದ್ದಲ ನೋಡಾಕ ಬಂದೀರಿ, ಗದ್ದಲ ನೋಡಿ ಹೋಗ್ರಿ. ನಮ್ಮ ಕೂಸಿನ ಕಿವಿ ನೋಡಾಕ ನೀವ್ಯಾರು? ಡಾಕ್ಟರೇನು?"

ಅವನ ಮಾತು ತಪ್ಪಲ್ಲ. ನಾನು ಡಾಕ್ಟರಲ್ಲ. ದೂರು ಬರವಣಿಗೆಯಲ್ಲಿ ಇರಲಿಲ್ಲ, ನೋಟಿಸು ಕೊಡಲು ದಾರಿಯೂ ಇರಲಿಲ್ಲ. ಕಚೇರಿಗೆ ಬಂದು ಮೇಲಧಿಕಾರಿಗೆ ಹೇಳಿದರೆ, "ನೀವು ಎಲ್ಲಾದರಾಗ ಮೂಗು ತೂರಸ್ತೀರಿ. ಅದು ದವಾಖಾನಿ ಕೆಲಸ" ಎಂದರು. ಅದೂ ತಪ್ಪಲ್ಲ. ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದರು, ಕೂಸು ಮಾತ್ರ ಅಲ್ಲೇ ಕೂತಿತ್ತು.

ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಇಂಥ ಮಕ್ಕಳಿಗೆ ಈಗ ಉಪಾಯವಿದೆ, ಆದರೆ ಬೇಗ ಕರೆತರಬೇಕು, ಮಾತು ಕಲಿಯುವ ವಯಸ್ಸು ದಾಟಿದರೆ ಆಮೇಲೆ ಎಷ್ಟು ಮಾಡಿದರೂ ಕಷ್ಟ ಎಂದರು. ಅದನ್ನು ಕೇಳಿದ ಮೇಲೆ ನನ್ನ ಸ್ಥಿತಿ ಬಾಲ ಸುಟ್ಟ ಬೆಕ್ಕಿನಂತಾಯಿತು. ದಿನವೂ ಏನೋ ನೆಪ ಮಾಡಿಕೊಂಡು ಆ ಓಣಿಗೆ ಹೋಗುತ್ತಿದ್ದೆ. ಗಟಾರ ನೋಡಿದೆ, ನಳ ನೋಡಿದೆ, ಡೆಂಗಿಯ ಸೊಳ್ಳೆ ಮರಿ ಹುಡುಕಿದೆ. ಆ ಓಣಿಯಷ್ಟು ಸ್ವಚ್ಛವಾದ ಓಣಿ ಗಂಗಾವತಿಯಲ್ಲಿ ಬೇರೆ ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ಒಂದು ದಿನ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ. ಕಾಳಪ್ಪ ನನ್ನನ್ನು ನೋಡಿ ಮಿಷನ್ ಹಚ್ಚಿದ. ಅಷ್ಟೇ ಅವನ ಉತ್ತರ. ಒಳಗೆ ಸುಜಾತಾ ಕೂಸನ್ನು ಎತ್ತಿಕೊಂಡು ನಿಂತಿರುವುದು ಕಾಣುತ್ತಿತ್ತು. "ತವರಿಗೆ ಕರಕೊಂಡು ಹೋಗಿಬಿಡ್ಲೇನ್ರಿ?" ಎಂದು ನಳದ ಹತ್ತಿರ ಒಮ್ಮೆ ಕೇಳಿದಳು. ಸ್ವಲ್ಪ ತಾಳವ್ವ ಎಂದೆ. ತಾಳು ಎಂದು ಹೇಳಿ ನಾನೇ ನಿದ್ದೆಗೆಟ್ಟೆ.

ಇಷ್ಟರಲ್ಲಿ ಅಮಾವಾಸ್ಯೆ ಬಂತು. ನಮ್ಮ ಕಡೆ ಬಡಿಗೇರರು ಅಮಾವಾಸ್ಯೆಯ ದಿನ ಉಳಿ ಮುಟ್ಟುವುದಿಲ್ಲ, ಮಿಷನ್ ಹಚ್ಚುವುದಿಲ್ಲ. ಹತ್ಯಾರಗಳನ್ನು ಒರೆಸಿಟ್ಟು ಪೂಜೆ ಮಾಡಿ ಊಟ ಮಾಡಿ ಮಲಗುತ್ತಾರೆ. ಎಷ್ಟು ಅವಸರದ ಕೆಲಸವಿದ್ದರೂ ಅದನ್ನು ಮುರಿಯುವುದಿಲ್ಲ. ನಾನು ನೋಟಿಸು ಕೊಟ್ಟು ನಿಲ್ಲಿಸಲಾಗದ ಮಿಷನ್ ತಿಂಗಳಿಗೊಮ್ಮೆ ತಾನೇ ನಿಲ್ಲುತ್ತಿತ್ತು, ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಅಂದು ಆ ಮನೆಯಲ್ಲಿ ನಡೆದದ್ದನ್ನು ಆಮೇಲೆ ಸುಜಾತಾ ಹೇಳಿದಳು. ಪೂಜೆ ಮಾಡುತ್ತ ಕಾಳಪ್ಪ ಗಂಟೆ ಬಾರಿಸಿದನಂತೆ. ಪಕ್ಕದಲ್ಲೇ ಬೆನ್ನು ಹಾಕಿ ಕೂತಿದ್ದ ಮೊಮ್ಮಗ ಹೂವು ಕೀಳುತ್ತಿದ್ದ. ಕಾಳಪ್ಪ ಗಂಟೆಯನ್ನು ಕೂಸಿನ ಕಿವಿಯ ಹತ್ತಿರ ತಂದು ಬಾರಿಸಿದ. ಆಮೇಲೆ ತಾಟು ಬಡಿದ, ಚಪ್ಪಾಳೆ ತಟ್ಟಿದ, ಕೊನೆಗೆ ಊದಿನಕಡ್ಡಿ ಆರಿಹೋದರೂ ಗಂಟೆ ಬಿಡಲಿಲ್ಲ. ಮನೆಯವರು ಯಾರೂ ಹತ್ತಿರ ಹೋಗಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲವಂತೆ.

ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ತೊಳೆದ ಧೋತ್ರ, ಬಿಳಿ ಟೊಪ್ಪಿಗೆ. ದನಿ ಮೊದಲಿನ ಹಾಗೆ ಇರಲಿಲ್ಲ.

"ಯಾವ ದವಾಖಾನಿಗೆ ಹೋಗಬೇಕ್ರಿ ಸಾಹೇಬ್ರ?"

ಹೇಳಿದೆ. ಎದ್ದು ನಿಂತ, ಮತ್ತೆ ಕೂತ.

"ಒಂದ್ ಮಾತು ಕೇಳ್ತೀನಿ. ನನ್ನ ಮಿಷನ್ನಿಂದ ಆತೇನ್ರಿ ಇದು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ಅಲ್ಲೇ ಅತ್ತ. ಖಾಜಾಸಾಬ್ ಅವನ ಹೆಗಲ ಮೇಲೆ ಕೈಯಿಟ್ಟು, "ಏಳ್ರಿ ಕಾಳಪ್ಪಣ್ಣ, ನಾನೂ ಬರ್ತೀನಿ, ಹೋಗೂನು" ಎಂದು ಎಬ್ಬಿಸಿದ.

ಕೊಪ್ಪಳದಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಇದು ಹುಟ್ಟಿನಿಂದಲೇ ಬಂದದ್ದು, ಮಿಷನ್ನಿನಿಂದ ಆದದ್ದಲ್ಲ. ಆದರೆ ಮನೆಯಲ್ಲಿ ಅಷ್ಟು ಗದ್ದಲ, ಅಷ್ಟು ಕೈಸನ್ನೆ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಕಾಳಪ್ಪ ಅದನ್ನು ಮೂರು ಸಲ ಹೇಳಿಸಿಕೊಂಡ. ಹೋಗುವಾಗ ಡಾಕ್ಟರಮ್ಮ ಅವನ ಕಿವಿಯನ್ನೂ ನೋಡಿ, "ನಿಮ್ಮದು ಮಾತ್ರ ಮಿಷನ್ನಿಂದನ ಹೋಗ್ಯಾವ ನೋಡ್ರಿ" ಎಂದರು. ಈರಣ್ಣನಿಗೂ ಕಿವಿಗೆ ಮುಚ್ಚಳ ಹಾಕಿಕೊಂಡೇ ಕೆಲಸ ಮಾಡಬೇಕೆಂದು ಗದರಿಸಿದರು.

ಆಮೇಲಿನದು ದೊಡ್ಡ ಓಡಾಟ. ಸರಕಾರದ ಯೋಜನೆಯಲ್ಲಿ ಆಪರೇಷನ್ ಮಾಡಿಸಬಹುದಿತ್ತು. ಅದಕ್ಕೆ ಬೇಕಾದ ಕಾಗದಗಳಿಗೆ ನಾನು, ಖಾಜಾಸಾಬ್ ಅಲೆದೆವು. ಮೂಗು ತೂರಿಸುತ್ತೀರಿ ಎಂದು ನನಗೆ ಅಂದಿದ್ದ ಮೇಲಧಿಕಾರಿಯೇ ಎರಡು ಕಡೆ ಫೋನು ಮಾಡಿದರು, ಅದನ್ನೂ ಹೇಳಬೇಕು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕಿವಿಯ ಹಿಂದೆ ಒಂದು ಸಣ್ಣ ಯಂತ್ರ ಕೂತಿತು. ಅದು ಹಾಕಿದ ಕೂಡಲೇ ಕೂಸು ತಿರುಗಿ ಅವ್ವಾ ಎನ್ನುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಹಾಗೇನೂ ಆಗಲಿಲ್ಲ. ಕೇಳುವುದನ್ನೂ ಕಲಿಯಬೇಕು, ಮನೆಯವರು ದಿನವೆಲ್ಲ ಅದರ ಜೊತೆ ಮಾತಾಡಬೇಕು, ಕೈಸನ್ನೆಯಲ್ಲೇ ಮುಗಿಸಬಾರದು ಎಂದು ಕಲಿಸಿಕೊಟ್ಟರು.

ಮಾತೇ ಇಲ್ಲದ ಮನೆ ಮಾತು ಕಲಿಯಬೇಕಾಯಿತು. ಬೆಳಿಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಮಿಷನ್ ಬಂದ್. ಉಳಿದ ಹೊತ್ತು ಮಿಷನ್ ಹಚ್ಚುವ ಮೊದಲು ಕೂಸಿನ ಕಿವಿಯ ಯಂತ್ರ ತೆಗೆದಿಡುತ್ತಿದ್ದರು. ಕಾಳಪ್ಪ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಏನು ಮಾತಾಡಬೇಕೆಂದು ತಿಳಿಯದೆ ಹಲಗೆ ತೋರಿಸುತ್ತಿದ್ದ. "ಇದು ಸಾಗವಾನಿ. ಇದು ಮತ್ತಿ. ಇದು ಬೇವು, ಇದಕ್ಕ ಹುಳಾ ಹತ್ತಂಗಿಲ್ಲ." ಸುಜಾತಾ ರೊಟ್ಟಿ ಬಡಿಯುತ್ತ ರೊಟ್ಟಿಯ ಜೊತೆಗೆಲ್ಲ ಮಾತಾಡುತ್ತಿದ್ದಳು. ಈರಣ್ಣನೊಬ್ಬನಿಗೇ ಕಷ್ಟ, ಬಾಯಿ ತೆರೆದರೆ ಕೈ ಮುಂದೆ ಬರುತ್ತಿತ್ತು. ವಾರಗಳು ಕಳೆದವು. ಕೂಸು ನೋಡುತ್ತಿತ್ತು, ನಗುತ್ತಿತ್ತು. ಕೇಳುತ್ತಿದೆಯೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. "ನಾ ಕರೀತೀನ್ರಿ, ಒಮ್ಮೊಮ್ಮಿ ತಿರಗಿದಂಗ ಅನಸ್ತೈತಿ. ನನ್ನ ಆಸಿಗೆ ಹಂಗ ಕಾಣ್ತೈತೋ ಏನೋ" ಎನ್ನುತ್ತಿದ್ದಳು ಸುಜಾತಾ. ಆ ದಿನಗಳಲ್ಲಿ ನನಗೆ ನಿವೃತ್ತಿಯಾಯಿತು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಶಾಲು ಹೊದ್ದುಕೊಂಡೇ ನಾನು ಆ ಕೂಸಿನ ಚಿಂತೆ ಮಾಡುತ್ತಿದ್ದೆ.

ಕೊಪ್ಪಳಕ್ಕೆ ಬಂದು ಕೂತೆನಲ್ಲ, ಕೂರಲಾಗಲಿಲ್ಲ. ಒಂದು ದಿನ ಬಸ್ಸು ಹತ್ತಿ ಗಂಗಾವತಿಗೆ ಹೋದೆ. ಪಡಸಾಲೆಯಲ್ಲಿ ಸಿದ್ದಾಪುರದವರ ಬಾಗಿಲಿನ ಹಲಗೆಗಳು ಬಿದ್ದಿದ್ದವು. ಸಮರ್ಥ ಹೊರಸಿನ ಮೇಲೆ ಕೌದಿಯಲ್ಲಿ ಕೂತು ಚಮಚ ಬಡಿಯುತ್ತಿದ್ದ, ಬೆನ್ನು ನಮ್ಮ ಕಡೆ. ಕಿವಿಯ ಹಿಂದೆ ಆ ಯಂತ್ರ, ನಾನು ಬಂದ ಗಡಿಬಿಡಿಯಲ್ಲಿ ತೆಗೆದಿರಲಿಲ್ಲ. ಸುಜಾತಾ ನನಗೆ ನೀರು ಕೊಟ್ಟು ಚಹಾ ಇಡಲು ಒಳಗೆ ಹೋದಳು. ಕೆಲಸದ ಹೊತ್ತಾಗಿತ್ತು. "ಇದೊಂದು ಹಲಗಿ ಮುಗಿಸಿಬಿಡ್ತೀನ್ರಿ" ಎಂದು ಕಾಳಪ್ಪ ರಂದಾ ಮಿಷನ್ ಹಚ್ಚಿ ಹಲಗೆ ಕೊಟ್ಟ.

ಹಲಗೆ ಅರ್ಧ ದಾಟಿರಲಿಲ್ಲ. ಸಮರ್ಥ ಬೆಚ್ಚಿಬಿದ್ದ. ಚಮಚ ಕೈಬಿಟ್ಟಿತು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮಿಷನ್ನಿನ ಕಡೆ ತಿರುಗಿ, ಬಾಯಿ ಇಷ್ಟಗಲ ತೆರೆದು ಕಿಟಾರನೆ ಅಳತೊಡಗಿದ.

ಕಾಳಪ್ಪ ಮಿಷನ್ ಆರಿಸಿಬಿಟ್ಟ. ನಡುವೆ ನಿಲ್ಲಿಸಿದರೆ ಹಲಗೆಯ ಮೇಲೆ ಗಾಯ ಉಳಿಯುತ್ತದೆ, ಯಾವ ಬಡಿಗನೂ ಹಾಗೆ ಮಾಡುವುದಿಲ್ಲ. ಸಾಗವಾನಿ ಹಲಗೆ, ಬೆಲೆಬಾಳುವಂಥದು. ಅವನು ಅದರ ಕಡೆ ನೋಡಲಿಲ್ಲ. 

ಮಿಷನ್ ನಿಂತಿತು, ಕೂಸಿನ ಅಳುವೂ ನಿಂತಿತು. ಸುಜಾತಾ ಒಳಗಿನಿಂದ ಓಡಿಬಂದಿದ್ದಳು, ಕೈಯಲ್ಲಿ ಸಕ್ಕರೆ ಡಬ್ಬಿ. ನಮ್ಮ ಮುಖಗಳನ್ನು ನೋಡಿದಳು, ಹೊರಸನ್ನು ನೋಡಿದಳು, ಯಾರೂ ಅದನ್ನು ಮುಟ್ಟಿಲ್ಲ ಎಂಬುದನ್ನು ನೋಡಿಕೊಂಡಳು.

"ಮಾವಾರ, ಇನ್ನೊಮ್ಮಿ ಹಚ್ರಿ" ಎಂದಳು.

"ಅಳ್ತೈತವ್ವ ಕೂಸು."

"ಅಳ್ಲಿ. ಹಚ್ರಿ."

ಕಾಳಪ್ಪ ಗುಂಡಿಯ ತನಕ ಕೈ ಒಯ್ದ. ಒತ್ತದೆ ಹಿಂದಕ್ಕೆ ತೆಗೆದುಕೊಂಡ. ಸುಜಾತಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಅವನನ್ನು ಸರಿಸಿ, ತಾನೇ ಒತ್ತಿದಳು. ಮಿಷನ್ ಗೊರ್ರೆಂದಿತು. ಅದರ ಮೇಲೆ ದನಿಯೆತ್ತಿ ಸಮರ್ಥ ಮತ್ತೆ ಅತ್ತ.